ಪೆಟ್ಟಿಗೆಯೊಳಗಿನ ಪುಸ್ತಕ

ಸದ್ಗ್ರಂಥಗಳನ್ನು ಓದಿರಿ ಎಂಬ ಬುದ್ಧಿವಾದವನ್ನು ಈ ಶಾಲೆಯಲ್ಲಿ ಕಲಿತ ನಾವೆಲ್ಲರೂ ಸಾಕಷ್ಟು ಕೇಳಿದ್ದೇವೆ. ಕೇಳಿ ಬೇಸರಪಟ್ಟವರೂ ನಮ್ಮಲ್ಲಿ ಉಂಟು. ಆದರೆ ಪುಸ್ತಕವು ಮನುಷ್ಯರ ವಿಶ್ವಾಸವನ್ನು ಯಾವ ಹೊತ್ತಿನಲ್ಲಿ, ಯಾವ ಬಗೆಯಿಂದ ಕಟ್ಟುತ್ತದೆಂಬುದನ್ನು ಯಾರೂ ಅಷ್ಟಾಗಿ ವಿವರಿಸಲಿಲ್ಲ. ಅದನ್ನು ಕುರಿತು ಯೋಚಿಸುವಾಗಲೆಲ್ಲ ನಮ್ಮ ನೆನಪಿಗೆ ಬರುವವರು ಪಂಡಿತಾ ರಮಾಬಾಯಿಯವರು. ಅವರು ಮರಾಠಿ ಮನೆತನದವರಾದರೂ ಹುಟ್ಟಿದ್ದು ನಮ್ಮ ನಾಡಿನ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಆದುದರಿಂದ ಅವರನ್ನು ನಮ್ಮವರೆಂದು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಜನರ ವಿರೋಧವನ್ನು ಕಟ್ಟಿಕೊಂಡವರು. ರಮಾಬಾಯಿಯು ಆರು ತಿಂಗಳ ಕೂಸಾಗಿದ್ದಾಗ ಅವರನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನು ಇಳಿಸಿದರಂತೆ. ಅಂದಿನಿಂದ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದದ್ದೇ ಅವರ ಬಾಲ್ಯ. ಶಾಲೆಯಿಲ್ಲ, ಹಲಗೆ ಬಳಪಗಳಿಲ್ಲ. ಎಂಟನೆಯ ವಯಸ್ಸಿನಿಂದ ಹದಿನೈದರ ತನಕ ತಾಯಿಯೇ ಗುರು. ತಾಯಿತಂದೆಗಳು ಬರಗಾಲದಲ್ಲಿ ತೀರಿಕೊಂಡ ಮೇಲೆ ಅಣ್ಣನೊಡನೆ ಅಲೆಯುತ್ತ 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದ ಈ ಹುಡುಗಿಗೆ ಅಲ್ಲಿಯ ವಿದ್ವಾಂಸರು ಪಂಡಿತೆಯೆಂಬ ಬಿರುದನ್ನು ಕೊಟ್ಟರು.

ಕಲ್ಕತ್ತೆಯ ಕ್ರೈಸ್ತರು ಅವರಿಗೆ ಸಂಸ್ಕೃತದಲ್ಲಿದ್ದ ಸತ್ಯವೇದವನ್ನು ಕೊಟ್ಟರು. ಪಂಡಿತೆಗೆ ಸಂಸ್ಕೃತದ ಪುಸ್ತಕವಲ್ಲದೆ ಮತ್ತೇನು ಕೊಡುವುದು! ಆದರೆ ಅದರ ಭಾಷೆಯು ತಾವು ಕಲಿತ ಸಂಸ್ಕೃತಕ್ಕಿಂತ ಬೇರೆಯಾಗಿ ಕಂಡು, ಅದನ್ನು ಓದುವುದು ಕಾಲಹರಣವೆಂದು ರಮಾಬಾಯಿಯವರಿಗೆ ತೋರಿತು. ಓದಲಿಲ್ಲ, ಆದರೆ ಅದನ್ನು ಯಾರಿಗೂ ಕೊಟ್ಟುಬಿಡಲೂ ಇಲ್ಲ, ಕಡೆಯ ತನಕ ತಮ್ಮೊಡನೆ ಇಟ್ಟುಕೊಂಡರು. ಮುಂದೆ ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದ್ದಾಗ, ಮನೆಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಒಂದು ಚಿಕ್ಕ ಪುಸ್ತಿಕೆ ಅವರ ಕೈಗೆ ಸಿಕ್ಕಿತು. ಅದು ಲೂಕನು ಬರೆದ ಸುವಾರ್ತೆ. ಅದು ಅಲ್ಲಿಗೆ ಹೇಗೆ ಬಂತೆಂಬುದು ಅವರಿಗೇ ತಿಳಿಯದು. ಅದನ್ನು ಆಸಕ್ತಿಯಿಂದ ಓದಿದರು. ಹುಟ್ಟಿನಿಂದ ಬಂದ ವಿದ್ವತ್ತಿನ ಭಾಷೆಯಲ್ಲಿದ್ದ ದೊಡ್ಡ ಗ್ರಂಥವು ಮೂಕವಾಗಿದ್ದು, ನೆರೆಹೊರೆಯ ಹೆಂಗಸರು ಆಡುವ ಮಾತಿನಲ್ಲಿದ್ದ ಕಿರುಹೊತ್ತಗೆಯು ಮಾತಾಡಿತಲ್ಲ, ಇದನ್ನು ನಾವು ಎಷ್ಟು ಸಲ ಓದಿದರೂ ನಮಗೆ ಸೋಜಿಗವೇ.

1882ರಲ್ಲಿ ಗಂಡನು ತೀರಿಕೊಂಡರು. ಮಡಿಲಲ್ಲಿ ಮನೋರಮೆಯೆಂಬ ಕೂಸು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಕಥೆಯನ್ನು ಇಲ್ಲಿಗೇ ಮುಗಿಸುವವರು ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಮುಂದಿನದೇ ಮುಖ್ಯ. ಸುಮಾರು ಎಂಟು ವರ್ಷಗಳ ಮೇಲೆ, ಶಾರದಾ ಸದನವನ್ನು ತೆರೆದು ವಿಧವೆಯರಿಗೆ ಆಶ್ರಯ ಕೊಡುತ್ತಿದ್ದ ಕಾಲದಲ್ಲಿ, ಹ್ಯಾಸ್ಲಮ್ ಎಂಬ ಪಾದ್ರಿಯು ಇಂಗ್ಲಿಷಿನಲ್ಲಿ ಬರೆದ ಆತ್ಮಕಥೆಯೊಂದನ್ನು ಅವರು ಓದಿದರು. ಅನೇಕ ವರ್ಷ ಸಭೆಯ ಸೇವೆಯಲ್ಲಿದ್ದು, ಆಮೇಲೆಯೇ ನಿಜವಾದ ವಿಶ್ವಾಸಕ್ಕೆ ಬಂದವನ ಕಥೆ ಅದು. ಅದನ್ನು ಓದಿದ ರಮಾಬಾಯಿಯವರು, ತಮಗೆ ಕ್ರಿಸ್ತನ ಮತವು ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲವೆಂದು ಕಂಡುಕೊಂಡರು. ಲೋಕವೆಲ್ಲ ಹೊಗಳುತ್ತಿದ್ದ ಹೆಂಗಸು ತನ್ನ ಸಾಕ್ಷಿಯಲ್ಲಿ ಇದನ್ನು ಮುಚ್ಚಿಡದೆ ಬರೆದಿರುವುದು ಸಾಮಾನ್ಯವಾದ ಸಂಗತಿಯಲ್ಲ.

ಬಂಗಾಳಿಯ ಆ ಪುಸ್ತಿಕೆಯ ಪಾಠವನ್ನು ಅವರು ಮರೆಯಲಿಲ್ಲವೆಂದು ನಾವು ಊಹಿಸುತ್ತೇವೆ. ಏಕೆಂದರೆ ಕೇಡಗಾಂವಿನ ಮುಕ್ತಿ ಸದನದಲ್ಲಿ, ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೆ ತಿಳಿಯುವ ತಿಳಿ ಮರಾಠಿಯಲ್ಲಿ ಸತ್ಯವೇದವನ್ನೆಲ್ಲ ತಾವೇ ಭಾಷಾಂತರಿಸಿದರು. ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಆ ಸದನದ ಹೆಂಗಸರು. 1922ರ ಏಪ್ರಿಲ್ 5ರಂದು ರಮಾಬಾಯಿಯವರು ತೀರಿಕೊಳ್ಳುವಾಗ ಭಾಷಾಂತರವು ಮುಗಿದಿತ್ತು.

ನಮ್ಮ ಸ್ವಂತ ಮಾತನ್ನೂ ಸ್ವಲ್ಪ ಹೇಳಬೇಕು. ನಮ್ಮ ಮದುವೆಯಲ್ಲಿ ನಮ್ಮ ತಾಯಿಯವರು ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಕೆಳಗೆ, ಕನ್ನಡ ಸತ್ಯವೇದವನ್ನೂ ಯಾತ್ರಿಕನ ಸಂಚಾರವನ್ನೂ ಇಟ್ಟರು. ಇಷ್ಟು ಭಾರದ ಬದಲಿಗೆ ಎರಡು ಹಿತ್ತಾಳೆ ಪಾತ್ರೆ ಇಡಬಹುದಾಗಿತ್ತೆಂದು ನಮ್ಮ ಸೋದರತ್ತೆಯವರು ನಕ್ಕರು. ಹದಿಮೂರು ಜನರ ಮನೆ ನಮ್ಮದು. ಭಾನುವಾರ ದೇವಾಲಯಕ್ಕೆ ಒಯ್ಯುವುದನ್ನು ಬಿಟ್ಟರೆ ಪುಸ್ತಕ ಬಿಡಿಸಲು ವೇಳೆಯೇ ಇರಲಿಲ್ಲ. ಏಳನೆಯ ವರ್ಷದಲ್ಲಿ ನಮ್ಮ ಎರಡನೆಯ ಮಗುವು ಜ್ವರದಿಂದ ಹೋಯಿತು. ಸಮಾಧಾನ ಹೇಳಲು ಬಂದವರೆಲ್ಲ ಹೋದ ಮೇಲೆ, ರಾತ್ರಿಯಲ್ಲಿ ಪೆಟ್ಟಿಗೆ ತೆರೆದು ಲೂಕನ ಏಳನೆಯ ಅಧ್ಯಾಯವನ್ನು ಓದಿದೆವು. ನಾಯಿನೆಂಬ ಊರಿನ ವಿಧವೆಯ ಕಥೆ ಅಲ್ಲಿದೆಯೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನಮಗೆ ಗೊತ್ತಿತ್ತು. ಆ ತಾಯಿಗೆ ಮಗನು ತಿರುಗಿ ಸಿಕ್ಕಿದನು, ನಮಗೆ ಸಿಕ್ಕಲಿಲ್ಲ. ಆ ರಾತ್ರಿ ಓದಿದ್ದರಿಂದ ದುಃಖ ಇಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೋಪವೇ ಬಂತು. ಆದರೂ ಮರುರಾತ್ರಿಯೂ ಅದನ್ನೇ ತೆರೆದೆವು, ಅದರ ಮರುರಾತ್ರಿಯೂ ತೆರೆದೆವು. ಕರ್ತನು ಮೊದಲು ಆ ತಾಯಿಯನ್ನು ನೋಡಿ ಕನಿಕರಪಟ್ಟನು, ಚಟ್ಟವನ್ನು ಮುಟ್ಟಿದ್ದು ಅನಂತರ, ಎಂಬುದು ನಮ್ಮ ಕಣ್ಣಿಗೆ ಬಿದ್ದದ್ದು ಎಷ್ಟೋ ದಿನಗಳ ಮೇಲೆ. ಇಂದಿಗೂ ನಮ್ಮ ಪ್ರಾರ್ಥನೆಯೆಲ್ಲ ಆ ಒಂದು ಕ್ರಮದ ಮೇಲೆ ನಿಂತಿದೆ.

ಯಾತ್ರಿಕನ ಸಂಚಾರವನ್ನು ಬರೆದ ಜಾನ್ ಬನ್ಯನ್ನನ ಮೊದಲ ಹೆಂಡತಿಯೂ ಬಡವಳು. ಸಂಸಾರ ಹೂಡುವಾಗ ಆ ಮನೆಯಲ್ಲಿ ತಟ್ಟೆ ಚಮಚಗಳೂ ಇರಲಿಲ್ಲವೆಂದು ಅವನೇ ಬರೆದಿದ್ದಾನೆ. ಅವಳು ತಂದ ಬಳುವಳಿಯೆಂದರೆ ಅವಳ ತಂದೆ ಬಿಟ್ಟುಹೋದ ಎರಡು ಭಕ್ತಿಗ್ರಂಥಗಳು ಮಾತ್ರ. ಪಾತ್ರೆ ತಿದ್ದುವ ಕಸುಬಿನ ಗಂಡನೊಡನೆ ಕೂತು ಅವಳು ಅವುಗಳನ್ನು ಓದಿದಳು. ಅವನು ಕೂಡಲೇ ಭಕ್ತನಾಗಲಿಲ್ಲ. ಅದಕ್ಕೆ ವರ್ಷಗಳು ಹಿಡಿದವು. ಯಾತ್ರಿಕನ ಸಂಚಾರವು ಹೊರಬಂದದ್ದು 1678ರಲ್ಲಿ, ಅವಳು ತೀರಿಕೊಂಡು ಬಹುಕಾಲವಾದ ಮೇಲೆ.

ಹೆಣ್ಣುಮಕ್ಕಳಿಗೆ ಎಂಥ ಪುಸ್ತಕ ಕೊಡಬೇಕೆಂದು ತಾಯಿತಂದೆಗಳು ನಮ್ಮನ್ನು ಕೇಳುವುದುಂಟು. ಅಂಗಡಿಯಲ್ಲಿ ಚಿನ್ನದ ಅಂಚಿನ ಇಂಗ್ಲಿಷ್ ಪ್ರತಿಗಳು ನೋಡಲು ಚೆಂದ. ಅವು ಕಪಾಟಿನಲ್ಲಿಯೇ ಉಳಿಯುತ್ತವೆ. ಮಗಳು ಯಾವ ಭಾಷೆಯಲ್ಲಿ ಅಳುತ್ತಾಳೋ ಆ ಭಾಷೆಯದನ್ನು ಕೊಡಿರಿ. ಅಕ್ಷರ ದೊಡ್ಡದಿರಲಿ, ರಟ್ಟು ಗಟ್ಟಿಯಾಗಿರಲಿ, ಅಡಿಗೆಮನೆಯ ಕೈ ತಗಲಿದರೆ ಚಿಂತೆಯಿಲ್ಲದ ಪ್ರತಿಯಾಗಿರಲಿ. ಮೊದಲ ಪುಟದಲ್ಲಿ ಅವಳ ಹೆಸರನ್ನೂ ತಾರೀಕನ್ನೂ ನಿಮ್ಮ ಕೈಯಿಂದಲೇ ಬರೆದು ಪೆಟ್ಟಿಗೆಗೆ ಹಾಕಿರಿ.