ರುಚಿಗೆ ಅಂಕ

ಹಳೆಯ ವಿದ್ಯಾರ್ಥಿಗಳಿಂದ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕುಶಲೋಪರಿಯವು. ಅಜ್ಜಂಪುರದಲ್ಲಿ ನನ್ನ ಬಳಿ ಓದಿ, ಈಗ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ನೆಲೆಸಿರುವ ಒಬ್ಬ ಶಿಷ್ಯ ಮಾತ್ರ ಈಚೆಗೆ ಪತ್ರದ ಬದಲು ಒಂದು ಅಂಕಪಟ್ಟಿಯನ್ನು ಕಳುಹಿಸಿದ್ದ. 50ಕ್ಕೆ 29. "ಸಾರ್, ಈ ವಯಸ್ಸಿನಲ್ಲೂ ನನಗೆ ಪ್ರಥಮ ದರ್ಜೆ ತಪ್ಪಿತು, ನೀವೇ ನೋಡಿ" ಎಂದು ಕೆಳಗೆ ಬರೆದಿದ್ದ. ಯಾವ ಪರೀಕ್ಷೆಯೆಂದು ಕನ್ನಡಕ ಸರಿಪಡಿಸಿಕೊಂಡು ನೋಡಿದರೆ, ಅದು ಅವನು ಮನೆಯಲ್ಲಿ ತಯಾರಿಸಿದ ಬಿಯರಿನ ಪರೀಕ್ಷೆ!

ಬಂಧುವರ್ಗದಲ್ಲಿ ಕೆಲವು ಹಿರಿಯರು ಹುಬ್ಬೇರಿಸಬಹುದು. ನಮ್ಮಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ. ಅಮೆರಿಕದಲ್ಲಿ 1978ರ ಒಂದು ಶಾಸನದಿಂದ ಅದು ಸ್ವಂತ ಬಳಕೆಗೆ ಮುಕ್ತವಾಯಿತಂತೆ. ಅಲ್ಲಿಂದ ಮುಂದೆ ಅದೊಂದು ದೊಡ್ಡ ಹವ್ಯಾಸವಾಗಿ ಬೆಳೆದು, ಸ್ಪರ್ಧೆಗಳು ಹುಟ್ಟಿ, 1985ರಲ್ಲಿ ತೀರ್ಪುಗಾರರಿಗೇ ಪರೀಕ್ಷೆ ನಡೆಸುವ ಸಂಸ್ಥೆಯೊಂದು ಏರ್ಪಟ್ಟಿತು. ನಾನು ಆ ಪಾನೀಯವನ್ನು ಮುಟ್ಟಿದವನಲ್ಲ. ಮುಟ್ಟುವ ವಯಸ್ಸೂ ಮೀರಿತು. ಆದರೆ ಉತ್ತರಪತ್ರಿಕೆ ತಿದ್ದಿ ಜೀವಮಾನ ಕಳೆದವನಿಗೆ ಇನ್ನೊಬ್ಬರು ತಿದ್ದಿದ ಪತ್ರಿಕೆ ಸಿಕ್ಕರೆ ಬಿಡಲಾದೀತೇ? ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಗಲುವ ಗುಣಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ಪ್ರತಿಯೊಂದರ ಎದುರಿಗೂ ನಾಲ್ಕೈದು ಸಾಲಿನ ಷರಾ. ತಯಾರಿಸಿದವರು ಯಾರೆಂಬುದು ತೀರ್ಪುಗಾರರಿಗೆ ತಿಳಿಯದಂತೆ ಸೀಸೆಗೆ ಕೇವಲ ಸಂಖ್ಯೆ. ಒಬ್ಬರು ಹೀಗೆ ಬರೆದಿದ್ದರು: ಬೆಣ್ಣೆಯ ವಾಸನೆ ಇದೆ, ಹುದುಗು ತನ್ನ ಕೆಲಸ ಪೂರೈಸುವ ಮೊದಲೇ ಬೇರ್ಪಡಿಸಿರಬಹುದು, ಇನ್ನೂ ಎರಡು ಮೂರು ದಿನ ತಾಳಿ ನೋಡಿ. 'ಚೆನ್ನಾಗಿಲ್ಲ' ಎಂಬ ಮಾತು ಇಡೀ ಹಾಳೆಯಲ್ಲಿ ಎಲ್ಲಿಯೂ ಇಲ್ಲ.

ಅದನ್ನು ಓದುತ್ತಿರುವಾಗ ನನಗೆ ಲಿಂಗದಹಳ್ಳಿ ಕಡೆಯ ನಮ್ಮ ಭಾವನವರ ಕಾಫಿಯ ಸಂಗತಿ ನೆನಪಾಯಿತು. ಕಾಫಿಗೂ ಹುದುಗಿಗೂ ಏನು ಸಂಬಂಧವೆಂದು ಬಯಲುಸೀಮೆಯವರು ಕೇಳಬಹುದು. 1947ರವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆಯೆಂಬ ಹೆಸರಿದ್ದರೂ ಕಡೂರಿನ ಸುತ್ತ ನಮಗೆ ಕಾಣುವುದು ರಾಗಿ, ತೆಂಗು, ಈರುಳ್ಳಿ. ಕಾಫಿಯೆಂದರೆ ಅಂಗಡಿಯಲ್ಲಿ ಚಿಕೋರಿ ಬೆರೆಸಿ ಕೊಡುವ ಪುಡಿ. ತರೀಕೆರೆ ದಾಟಿ ಲಿಂಗದಹಳ್ಳಿ, ಸಂತವೇರಿಯ ಕಡೆ ಏರಿದರೆ ಮಾತ್ರ ಬಾಬಾಬುಡನ್ ಬೆಟ್ಟದ ತಪ್ಪಲಿನಲ್ಲಿ ತೋಟಗಳು ಆರಂಭವಾಗುತ್ತವೆ. ಅಲ್ಲಿ ಹಣ್ಣು ಕೊಯ್ದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ತೆಗೆಯುತ್ತಾರೆ. ಬೀಜಕ್ಕೆ ಅಂಟಿದ ಸಿಹಿಯಾದ ಲೋಳೆ ನೀರಿನಲ್ಲಿ ತೊಳೆದರೆ ಹೋಗುವಂತಹುದಲ್ಲ. ಆದುದರಿಂದ ತೊಟ್ಟಿಯಲ್ಲಿ ರಾಶಿ ಹಾಕಿ ಒಂದು ದಿನ, ಒಂದೂವರೆ ದಿನ, ಚಳಿ ಹೆಚ್ಚಿದ್ದರೆ ಇನ್ನೂ ಸ್ವಲ್ಪ ಹೊತ್ತು ಹುದುಗಲು ಬಿಡುತ್ತಾರೆ. ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಉಜ್ಜಿದಾಗ ಜಾರದೆ, ಹೊಳೆಯ ನೊರಜುಗಲ್ಲಿನಂತೆ ಕರಕರ ಎಂದರೆ ಹದ ಬಂದಿತೆಂದು ಅರ್ಥ. ತಡವಾದರೆ ಹುಳಿ ಹತ್ತುತ್ತದೆ. ನಮ್ಮ ಮನೆಯ ದೋಸೆಹಿಟ್ಟಿನ ನ್ಯಾಯವೇ.

ಭಾವನವರದು ನಾಲ್ಕು ಎಕರೆ ಅರೇಬಿಕಾ, ಕೆಳಗಿನ ಜೌಗಿನಲ್ಲಿ ಒಂದಿಷ್ಟು ಅಡಿಕೆ. ಸಣ್ಣ ಬೆಳೆಗಾರರು, ತೊಟ್ಟಿಯ ಹದ ಬಲ್ಲವರು. ಆದರೆ ಅವರ ತಲೆಮಾರಿನ ಎಲ್ಲರಂತೆ, ತಮ್ಮ ಕಾಫಿಯ ರುಚಿ ಏನೆಂಬುದನ್ನು ಅರಿಯದೆಯೇ ಬೆಳೆದವರು. ಇದಕ್ಕೆ ಕಾರಣವಿತ್ತು. 1942ರ ಕಾಫಿ ಕಾಯಿದೆಯಂತೆ ಬೆಳೆದ ಬೆಳೆಯನ್ನೆಲ್ಲ ಕಾಫಿ ಮಂಡಳಿಯ 'ಪೂಲ್'ಗೆ ಒಪ್ಪಿಸಬೇಕಾಗಿತ್ತು. ಕ್ಯೂರಿಂಗ್ ವರ್ಕ್ಸಿಗೆ ಮೂಟೆ ಹೋದರೆ ಅಲ್ಲಿ ಗಾತ್ರ, ಬಣ್ಣ, ಒಡಕು ನೋಡಿ ದರ್ಜೆ ಕಟ್ಟುವುದು. ಬಳಿಕ ನೂರಾರು ತೋಟದ ಬೀಜದೊಂದಿಗೆ ಅದು ಬೆರೆತುಹೋಗುವುದು. ಹಣ ಕಂತುಕಂತಾಗಿ ಬರುವುದು. ಆ ವ್ಯವಸ್ಥೆ ಸಣ್ಣ ಬೆಳೆಗಾರನನ್ನು ಕಷ್ಟಕಾಲದಲ್ಲಿ ಕಾಪಾಡಿತೆಂಬುದನ್ನು ಭಾವನವರು ಇಂದಿಗೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ತನ್ನ ಬೀಜ ಯಾರ ಬಟ್ಟಲನ್ನು ಸೇರಿತು, ಕುಡಿದವರು ಏನೆಂದರು ಎಂಬ ಮಾತು ಮಾತ್ರ ತೋಟಕ್ಕೆ ಮರಳಿ ಬರುವ ದಾರಿಯೇ ಇರಲಿಲ್ಲ. ವರ್ಷವಿಡೀ ಪರೀಕ್ಷೆ ಬರೆದು ಫಲಿತಾಂಶವನ್ನೇ ಕಾಣದ ವಿದ್ಯಾರ್ಥಿಯ ಸ್ಥಿತಿ. ಮನೆಯವರು ಕುಡಿಯುತ್ತಿದ್ದುದು ತೇಲಿದ ಜೊಳ್ಳು, ಒಡಕು, ನೆಲದಲ್ಲಿ ಆಯ್ದ ಬೀಜ. ಅದೂ ಹಾಲು ಬೆಲ್ಲ ಬೆರೆಸಿ.

1992ರ ಬಳಿಕ ಹಂತಹಂತವಾಗಿ ಈ ಕಟ್ಟು ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ತಿಯಾಗಿ ಮುಕ್ತವಾಯಿತು. 2002ರಲ್ಲಿ ಕಾಫಿ ಮಂಡಳಿಯೇ 'ಫ್ಲೇವರ್ ಆಫ್ ಇಂಡಿಯಾ' ಎಂಬ ರುಚಿಸ್ಪರ್ಧೆಯನ್ನು ಆರಂಭಿಸಿತು. ರುಚಿ ನೋಡುವುದೇ ಒಂದು ವೃತ್ತಿಯೆಂಬುದು ನಮ್ಮವರಿಗೆ ಪತ್ರಿಕೆಗಳಿಂದ ತಿಳಿದದ್ದು ಆ ಕಾಲದಲ್ಲಿಯೇ. ಮಂಡಳಿಯಲ್ಲಿ ಬಹುಕಾಲ ಗುಣಪರೀಕ್ಷೆಯ ಹೊಣೆ ಹೊತ್ತಿದ್ದ ಸುನಾಲಿನಿ ಮೆನನ್ ಅವರನ್ನು ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿಕಾರರೆಂದು ಕರೆಯುತ್ತಾರೆ.

ಭಾವನವರ ಮಗ ತರೀಕೆರೆಯಲ್ಲಿ ನನ್ನ ಶಿಷ್ಯನಾಗಿದ್ದವನು. ತರಗತಿಯಲ್ಲಿ ಸಾರ್, ಮನೆಯಲ್ಲಿ ಮಾವ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದಾಗ ಅಪ್ಪನಿಗೂ ಮಗನಿಗೂ ಮಾತು ಅಷ್ಟಕ್ಕಷ್ಟೇ ಇತ್ತು. ನಾಲ್ಕು ಎಕರೆಯಲ್ಲಿ ಇಬ್ಬರು ಹೇಗೆ ಬದುಕುವುದೆಂಬ ಚಿಂತೆ ಅಪ್ಪನದು. ತೋಟದ ಬಾಗಿಲಲ್ಲಿ ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟರೆ ಬದುಕಲಾಗದು, ರುಚಿಗೆ ಬೆಲೆ ಕೊಡುವವರನ್ನು ಹುಡುಕಬೇಕೆಂಬ ವಾದ ಮಗನದು. 2018ರ ಕೊಯ್ಲಿನಲ್ಲಿ ಅವನು ಅಪ್ಪನಿಗೆ ಹೇಳದೆ ಒಂದು ಮಾದರಿಯನ್ನು ಸ್ಪರ್ಧೆಯೊಂದಕ್ಕೆ ಕಳುಹಿಸಿದ. ನೂರಕ್ಕೆ 76.5 ಬಂದಿತು. ನಮ್ಮ ಶಾಲೆಯ ಲೆಕ್ಕದಲ್ಲಿ ಅದು ಪ್ರಥಮ ದರ್ಜೆ; ಅವರ ಲೆಕ್ಕದಲ್ಲಿ 80ರ ಕೆಳಗೆ ಬಂದದ್ದು ವಿಶೇಷ ಕಾಫಿಯೇ ಅಲ್ಲ. ಷರಾದಲ್ಲಿ ಎರಡು ಮಾತುಗಳಿದ್ದವು. ಒಂದು, ಎರಡು ಬಟ್ಟಲುಗಳಲ್ಲಿ ಹದ ಮೀರಿದ ಹುಳಿ. ಇನ್ನೊಂದು, ಎಲ್ಲದರಲ್ಲಿಯೂ ತೆಳುವಾಗಿ ಮಣ್ಣಿನ ವಾಸನೆ.

ಮಗ ಆ ಹಾಳೆಯನ್ನು ಮುಚ್ಚಿಡದೆ ಅಪ್ಪನ ಮುಂದಿಟ್ಟ. ಭಾವನವರು ಓದಿ, ಮಡಚಿ, ಊಟಕ್ಕೂ ಏಳದೆ ಜಗಲಿಯಲ್ಲಿ ಕುಳಿತರಂತೆ. ನಾನು ಆ ವಾರ ಅಲ್ಲಿಗೆ ಹೋಗಿದ್ದಾಗ ನನ್ನ ಬಳಿ ಹೇಳಿದರು: "ಮೇಷ್ಟ್ರೇ, ಯಾರೋ ಬೆಂಗಳೂರಿನವರು ನನ್ನ ಕಾಫಿಯಲ್ಲಿ ಮಣ್ಣಿನ ವಾಸನೆ ಇದೆ ಅಂದರಂತೆ. ಮಣ್ಣಿನಲ್ಲಿ ಬೆಳೆದದ್ದಕ್ಕೆ ಇನ್ನೇನು ವಾಸನೆ ಇರುತ್ತದೆ?" ಮೇಲೆ ನಗುವಿನಂತೆ ತೋರಿದರೂ ಅದು ನಗುವಾಗಿರಲಿಲ್ಲ. ತಂದೆಯ ಕಾಲದಿಂದ ಸಗಣಿ ಸಾರಿಸಿದ ಅದೇ ಕಣದಲ್ಲಿ ಒಣಗಿಸಿದ ಬೀಜವದು. ಆ ಕಣವನ್ನೇ ಯಾರೋ ಕಾಣದವರು ದೂರದಿಂದ ಬೆರಳಿಟ್ಟು ತೋರಿಸಿದ್ದರು.

ಮುಂದಿನ ಭಾನುವಾರ ಹುಡುಗ ಒಂದು ಉಪಾಯ ಮಾಡಿದ. ಮನೆಯಲ್ಲಿಯೇ ತೀರ್ಪುಗಾರರು ಮಾಡುವಂತೆ ಮಾಡಿ ತೋರಿಸಿದ. ಬಾಣಲೆಯಲ್ಲಿ ಎಳೆಯದಾಗಿ ಹುರಿದ ಬೀಜ. ಅಕ್ಕಸಾಲಿಗರ ತಕ್ಕಡಿಯಂತಹ ಸಣ್ಣ ತೂಕದ ಯಂತ್ರದಲ್ಲಿ ಬಟ್ಟಲಿಗೆ 8.25 ಗ್ರಾಂ ಪುಡಿ. 150 ಮಿಲಿಲೀಟರ್ ನೀರು, ಕುದಿಯುವುದಕ್ಕೆ ತುಸು ಕಡಿಮೆ, 93 ಡಿಗ್ರಿಯಷ್ಟು. ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ಚಮಚೆಯಿಂದ ಒಡೆದು ಮೂಗಿಟ್ಟು ನೋಡುವುದು. ಹಾಲಿಲ್ಲ, ಸಕ್ಕರೆಯಿಲ್ಲ. ಒಂದೇ ಕಾಫಿಗೆ ಐದು ಬಟ್ಟಲು ಏಕೆಂದರೆ ಒಂದು ಕೆಟ್ಟ ಬೀಜ ಒಂದು ಬಟ್ಟಲನ್ನು ಮಾತ್ರ ಕೆಡಿಸುತ್ತದೆ. ಐದೂ ಒಂದೇ ಸಮನಾಗಿವೆಯೇ ಎಂಬುದಕ್ಕೇ ಬಟ್ಟಲಿಗೆ 2ರಂತೆ ಅಂಕವುಂಟು. (ಆ ನಮೂನೆಯನ್ನು ಈಚೆಗೆ ಬದಲಾಯಿಸಿದ್ದಾರಂತೆ. ಪಠ್ಯಪುಸ್ತಕದ ಗತಿಯೇ ಅದಕ್ಕೂ!) ಚಮಚೆಯಿಂದ ಸೊರ್ರೆಂದು ಸದ್ದು ಮಾಡಿ ಹೀರಬೇಕು. ನಾವು ಚಿಕ್ಕವರಾಗಿದ್ದಾಗ ಹಾಗೆ ಹೀರಿದ್ದಕ್ಕೆ ನಮ್ಮ ಸೋದರತ್ತೆ, ಅಂದರೆ ಇದೇ ಭಾವನವರ ತಾಯಿ, ಬೆನ್ನಿಗೆ ಕೊಟ್ಟ ಗುದ್ದು ನನಗೆ ಚೆನ್ನಾಗಿ ನೆನಪಿದೆ.

ಬಿಸಿಯಲ್ಲಿ ನನಗೆ ಏನೂ ತಿಳಿಯಲಿಲ್ಲ, ಐದೂ ಕಹಿ. ಆರಿದಂತೆ ದೋಷ ಬಯಲಾಗುತ್ತದೆಂದು ಹುಡುಗ ಹೇಳಿ ಕಾಯಿಸಿದ. ಸುಮಾರು ಕಾಲು ಗಂಟೆಯ ಬಳಿಕ ಭಾವನವರು ಮೂರನೆಯ ಬಟ್ಟಲನ್ನು ಮತ್ತೆ ಹೀರಿದರು, ಮೂಗಿಗೆ ಹಿಡಿದರು, ಕೆಳಗಿಟ್ಟರು. "ಇದು ಸಂಕ್ರಾಂತಿ ಹಿಂದಿನ ದಿನದ್ದು" ಎಂದರು. ಹಬ್ಬಕ್ಕೆ ಆಳುಗಳು ಬಾರದೆ ತೊಟ್ಟಿಯನ್ನು ಇನ್ನೊಂದು ರಾತ್ರಿ ಹಾಗೆಯೇ ಬಿಡಬೇಕಾಗಿ ಬಂದಿತ್ತು. ಆ ಬೀಜವನ್ನು ಉಳಿದುದರೊಂದಿಗೆ ಬೆರೆಸಿದ್ದರು. ತೀರ್ಪುಗಾರರು ಹುಳಿಯೆಂದಷ್ಟೇ ಬರೆದಿದ್ದರು. ತಾರೀಕು ಹೇಳಿದ್ದು ಇವರ ನಾಲಿಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಲವತ್ತು ವರ್ಷ ಕಾಫಿ ಬೆಳೆದೆ ಮೇಷ್ಟ್ರೇ. ಒಂದು ದಿನವೂ ಅದನ್ನು ಕುಡಿದಿರಲಿಲ್ಲ" ಎಂದರು. ಹುಡುಗ ಒಳಗೆ ಹೋಗಿ ನೀರು ತಂದ.

ಆ ಬೇಸಗೆಯಲ್ಲಿಯೇ ಅಡಿಕೆಯ ದಬ್ಬೆಗಳಿಂದ ಸೊಂಟದೆತ್ತರದ ಅಟ್ಟಗಳನ್ನು ಕಟ್ಟಿ, ಮೇಲೆ ನೈಲಾನ್ ಬಲೆ ಹಾಸಿದರು. ದಬ್ಬೆ ಸೀಳಿದವರು ಭಾವನವರೇ. ಮರುವರ್ಷ ಬೀಜ ನೆಲ ಮುಟ್ಟದೆ ಎಂಟು ಹತ್ತು ದಿನ ಗಾಳಿ ಬಿಸಿಲಿನಲ್ಲಿ ಒಣಗಿತು; ತೇವಾಂಶ ಶೇಕಡಾ 10ರಿಂದ 11ಕ್ಕೆ ಇಳಿದ ಮೇಲೆಯೇ ಚೀಲಕ್ಕೆ. ತೊಟ್ಟಿ ತುಂಬಿದ ಹೊತ್ತು, ತೊಳೆದ ಹೊತ್ತು ಎಲ್ಲವನ್ನೂ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಅಪ್ಪನ ಕೈಬರಹ ಒಂದು ದಿನ, ಮಗನದು ಮರುದಿನ.

2019ರಲ್ಲಿ ಅದೇ ತೋಟಕ್ಕೆ ಬಂದದ್ದು 81.75. ಬಹುಮಾನವೇನೂ ಬರಲಿಲ್ಲ. ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಭೌಗೋಳಿಕ ಮಾನ್ಯತೆ ದೊರೆತ ವರ್ಷವೂ ಅದೇ ಆದುದರಿಂದ ಬೆಟ್ಟದ ಹೆಸರು ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ಇವರ ಹೆಸರು ಎಲ್ಲಿಯೂ ಇರಲಿಲ್ಲ. ಆದರೆ ಬೆಂಗಳೂರಿನ ಒಬ್ಬ ಹುರಿಗಾರರು ಆ ಒಂದು ರಾಶಿಯನ್ನು ಮಾತ್ರ ಪ್ರತ್ಯೇಕವಾಗಿ, ಒಳ್ಳೆಯ ಬೆಲೆಗೆ ಕೊಂಡರು. ಉಳಿದದ್ದು ಎಂದಿನಂತೆ ತೋಟದ ಬಾಗಿಲಿನ ವ್ಯಾಪಾರಿಗೇ ಹೋಯಿತು. ನಾಲ್ಕು ಎಕರೆಯ ಲೆಕ್ಕ ಪೂರ್ತಿ ಬಗೆಹರಿದಿದೆಯೆಂದು ನಾನು ಬರೆದರೆ ಅದು ಸುಳ್ಳಾದೀತು.

ಎಲ್ಲ ಷರಾಗಳನ್ನೂ ಭಾವನವರು ಒಪ್ಪುವುದಿಲ್ಲ. ಒಬ್ಬ ತೀರ್ಪುಗಾರರು ಕಿತ್ತಳೆ ಸಿಪ್ಪೆಯ ಪರಿಮಳವೆಂದೂ, ಇನ್ನೊಬ್ಬರು ಅದೇ ಬಟ್ಟಲಿಗೆ ಮೆಣಸಿನ ಘಾಟೆಂದೂ ಬರೆದದ್ದನ್ನು ತೋರಿಸಿ, "ಇಬ್ಬರೂ ಒಂದೇ ತಿಂಡಿ ತಿಂದು ಬರಬೇಕಿತ್ತು" ಎಂದು ನಗುತ್ತಾರೆ. ತೋಟದಲ್ಲಿ ಮೆಣಸಿನ ಬಳ್ಳಿಯಿದೆ, ಅದರದೇ ವಾಸನೆ ಎನ್ನುವ ನೆರೆಯವರ ಮಾತನ್ನು ಮಾತ್ರ ಅವರು ಸಹಿಸುವುದಿಲ್ಲ. ರುಚಿಯ ಹೋಲಿಕೆ ಬೇರೆ, ಬಳ್ಳಿ ಬೇರೆ ಎಂದು ನನಗಿಂತ ಚೆನ್ನಾಗಿ ಪಾಠ ಹೇಳುತ್ತಾರೆ.

ಕಳೆದ ಬಾರಿ ಕೊಯ್ಲಿನ ನಡುವೆ ಅಕಾಲದ ಮಳೆ ಬಿದ್ದು, ಅಟ್ಟದ ಮೇಲಿನ ಬೀಜಕ್ಕೆ ಟಾರ್ಪಾಲು ಹೊದಿಸಿ ಎರಡು ದಿನ ಕಾಯಬೇಕಾಯಿತು. ಮಗ ಮಾದರಿಯನ್ನು ಕಟ್ಟಿ ವಿಳಾಸ ಬರೆದಿದ್ದ. ಭಾವನವರು ಅದನ್ನು ಬಿಚ್ಚಿಸಿ, ಹುರಿಸಿ, ಐದು ಬಟ್ಟಲು ಮಾಡಿಸಿ, ಆರುವವರೆಗೆ ಕುಳಿತರು. ನಾಲ್ಕನೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಇದನ್ನು ಕಳುಹಿಸುವುದು ಬೇಡ, ಮೇಲಿನ ಕಟ್ಟೆಯ ರಾಶಿ ನೋಡೋಣ" ಎಂದರು. ಹುಡುಗ ಒಪ್ಪದೆ ಇನ್ನೊಂದು ಚಮಚೆ ಹೀರಿ, ಕಿಟಕಿಯ ಬಳಿ ಹೋಗಿ ಸ್ವಲ್ಪ ಹೊತ್ತು ನಿಂತು, ಬಂದು ಕಟ್ಟಿನ ದಾರವನ್ನು ಸುತ್ತಿ ಎತ್ತಿಟ್ಟ.