ನಮ್ಮ ಶಾಲೆಯ ಕಣಗಿಲೆ ಗಿಡಗಳು

ಈ ತಿಂಗಳ ಗೋಡೆ ಪತ್ರಿಕೆಗೆ ಯಾವುದಾದರೂ ಒಂದು ಗಿಡದ ಬಗ್ಗೆ ಬರೆದುಕೊಂಡು ಬಾ ಅಂತ ಕನ್ನಡ ಮೇಷ್ಟ್ರು ಹೇಳಿದರು. ತುಳಸಿ, ಬೇವು, ತೆಂಗು ಇವುಗಳ ಬಗ್ಗೆ ಹೋದ ಸಲವೇ ಮೂರು ಜನ ಬರೆದು ಅಂಟಿಸಿಯಾಗಿದೆ. ಆದ್ದರಿಂದ ನಾನು ಕಣಗಿಲೆ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಇದರ ಹೆಸರು ಎತ್ತುವ ಹಾಗಿಲ್ಲ. ಯಾಕೆ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಗೊತ್ತಿಲ್ಲದವರಿಗೆ ಮುಂದೆ ಹೇಳುತ್ತೇನೆ.

ನಮ್ಮ ಶಾಲೆಯ ಕಾಂಪೌಂಡ್ ಉದ್ದಕ್ಕೂ ಮೊದಲು ಒಂಬತ್ತು ಕಣಗಿಲೆ ಗಿಡ ಇದ್ದವು. ಗುಲಾಬಿ ಬಣ್ಣದ್ದು ಐದು, ಬಿಳಿ ಮೂರು, ಕೆಂಪು ಒಂದೇ ಒಂದು. ಈಗ ಏಳು ಇವೆ. ಅವನ್ನು ನೆಟ್ಟವರು ಯಾರು ಅಂತ ಊರಿನಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ನಮ್ಮಪ್ಪ ಇದೇ ಶಾಲೆಯಲ್ಲಿ ಓದುವಾಗಲೂ ಇದ್ದವಂತೆ. ಪೇಟೆಯ ಕಡೆಯವರು ಮಾರುವ ಗುಲಾಬಿ ಗಿಡದ ಹಾಗೆ ಇದಕ್ಕೆ ಕುಂಡ ಬೇಡ, ನೆರಳು ಬೇಡ, ಔಷಧಿ ಬೇಡ. ಬಿಸಿಲು ಮಾತ್ರ ಚೆನ್ನಾಗಿ ಬೇಕು. ಬಿಸಿಲಿಗೆ ನಮ್ಮ ಹಿರಿಯೂರು ಸೀಮೆಯಲ್ಲಿ ಏನೂ ಕೊರತೆ ಇಲ್ಲವಲ್ಲ!

ನೀರಿನ ಕಥೆ ಬೇರೆ. 2022ರಲ್ಲಿ ನಮ್ಮ ಮಾರಿಕಣಿವೆ ಜಲಾಶಯ 89 ವರ್ಷ ಆದ ಮೇಲೆ ಕೋಡಿ ಬಿತ್ತು. ಊರಿಗೆ ಊರೇ ಟ್ರ್ಯಾಕ್ಟರ್ ಕಟ್ಟಿಕೊಂಡು ನೋಡೋದಕ್ಕೆ ಹೋಗಿತ್ತು. ಆದರೆ ಆ ನೀರು ನಮ್ಮೂರಿನ ದಿಕ್ಕಿಗೆ ಬರೋದಿಲ್ಲ. ಮಾರನೇ ವರ್ಷ, 2023ರಲ್ಲಿ, ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳಿಗೆ ಬರ ಬಂದಿದೆ ಅಂತ ಸರ್ಕಾರವೇ ಘೋಷಿಸಿತು. ಆಗ ನಾನು ಏಳನೇ ತರಗತಿ. 2024ರ ಫೆಬ್ರವರಿ ಹೊತ್ತಿಗೆ ಶಾಲೆಯ ಬೋರ್‌ವೆಲ್ಲು ಬರೀ ಗಾಳಿ ಉಗುಳೋದಕ್ಕೆ ಶುರು ಮಾಡಿತು. ಟ್ಯಾಂಕರ್ ನೀರು ಬಿಸಿಯೂಟಕ್ಕೆ ಮತ್ತು ಕುಡಿಯೋದಕ್ಕೆ ಮಾತ್ರ. ಹೂದೋಟದ ದಾಸವಾಳ ಮೊದಲು ಹೋಯಿತು. ಆಮೇಲೆ ಗುಲಾಬಿ, ಆಮೇಲೆ ಕನಕಾಂಬರ. ಸೇವಂತಿಗೆಯನ್ನು ನಾವು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಹೂದೋಟದ ಗುಂಪಿನಲ್ಲಿ ನಾವು ಆರು ಜನ ಇದ್ದೆವು. ಬಿಸಿಯೂಟದ ಅಕ್ಕನನ್ನು ಕೇಳಿ, ತಟ್ಟೆ ತೊಳೆದ ನೀರನ್ನು ಒಂದು ಹಳೇ ಪ್ಲಾಸ್ಟಿಕ್ ಡ್ರಮ್ಮಿಗೆ ಸೋಸಿ ಹಾಕಿಸಿಕೊಂಡೆವು. ಎಂಟು ದಿನಕ್ಕೆ ಒಂದು ಸಲ ಒಂದೊಂದು ಕಣಗಿಲೆಗೆ ಒಂದೊಂದು ಬಕೆಟ್ಟು. ಆ ವರ್ಷ ಬರದ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಇತ್ತಲ್ಲ, ಹಾಗಾಗಿ ಡ್ರಮ್ಮು ಪೂರ್ತಿ ಖಾಲಿಯಾಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ಇಡೀ ಊರಿನಲ್ಲಿ ಹಸಿರು ಅಂತ ಇದ್ದದ್ದು ಬೇವಿನ ಮರ, ಜಾಲಿ, ಮತ್ತು ನಮ್ಮ ಒಂಬತ್ತು ಕಣಗಿಲೆ. ಅವು ಹಸಿರಾಗಿ ಇದ್ದದ್ದು ಮಾತ್ರ ಅಲ್ಲ, ಹೂ ಬಿಟ್ಟುಕೊಂಡು ನಿಂತಿದ್ದವು. ನಮ್ಮಜ್ಜಿ ಸೋಮವಾರ ಸೋಮವಾರ ಕೋಲೂರಿಕೊಂಡು ಬಂದು ಈಶ್ವರನಿಗೆ ಅಂತ ನಾಲ್ಕು ಹೂ ಕಿತ್ಕೊಂಡು ಹೋಗ್ತಿದ್ದಳು. "ಮಳೆರಾಯ ಮುನಿಸ್ಕೊಂಡ್ರೂ ಇದು ಮುನಿಸ್ಕೊಳ್ಳಲ್ಲ ನೋಡವ್ವ" ಅಂತಿದ್ದಳು.

ಇಷ್ಟು ಕಡಿಮೆ ನೀರಿನಲ್ಲಿ ಇದು ಹೇಗೆ ಬದುಕುತ್ತದೆ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆವು. ಅವರು ಒಂದು ಎಲೆಯನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ಇಟ್ಟು ತೋರಿಸಿದರು. ಗಿಡಗಳು ಉಸಿರಾಡೋದು ಎಲೆಯಲ್ಲಿರುವ ಪತ್ರರಂಧ್ರಗಳ ಮೂಲಕ. ನೀರು ಆವಿಯಾಗಿ ಹೋಗೋದೂ ಅಲ್ಲಿಂದಲೇ. ಕಣಗಿಲೆಯಲ್ಲಿ ಈ ರಂಧ್ರಗಳು ಎಲೆಯ ಮೇಲ್ಭಾಗದಲ್ಲಿ ಇರೋದಿಲ್ಲ. ಎಲೆಯ ಅಡಿಯಲ್ಲಿ ಸಣ್ಣ ಸಣ್ಣ ಗುಳಿಗಳಿವೆ, ಗುಳಿಯ ಒಳಗೆ ನವಿರಾದ ಕೂದಲುಗಳಿವೆ, ಆ ಕೂದಲುಗಳ ಮರೆಯಲ್ಲಿ ರಂಧ್ರಗಳಿವೆ. ಬಿಸಿಗಾಳಿ ಬೀಸಿದರೂ ಗುಳಿಯೊಳಗಿನ ತೇವ ಬೇಗ ಹಾರಿಹೋಗೋದಿಲ್ಲ. ಮೇಲುಗಡೆ ಮೇಣ ಬಳಿದ ಹಾಗೆ ದಪ್ಪ ಹೊದಿಕೆ. ನನಗೆ ಅದನ್ನು ನೋಡಿದಾಗ ಅಜ್ಜಿ ನೆನಪಾದಳು. ಶೇಂಗಾ ಹೊಲಕ್ಕೆ ಹೋಗುವಾಗ ಅವಳೂ ಹೀಗೇ ತಲೆ ಮೇಲಿಂದ ಸೆರಗು ಹೊದ್ದು, ಮೂಗು ಬಾಯಿ ಮುಚ್ಚಿಕೊಂಡು, ಒಳಗೊಳಗೇ ಉಸಿರಾಡ್ತಾಳೆ.

ಬೆಳೆಸೋದು ಬಹಳ ಸುಲಭ. ಜೂನ್ ಜುಲೈ ತಿಂಗಳಲ್ಲಿ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಕಡ್ಡಿ ಕತ್ತರಿಸಿಕೊಳ್ಳಬೇಕು. ಕೆಳಗಿನ ಎಲೆ ತೆಗೆದು, ತುದಿಯಲ್ಲಿ ನಾಲ್ಕೈದು ಬಿಡಬೇಕು. ನೀರು ತುಂಬಿದ ಬಾಟಲಿಯಲ್ಲಿ ಇಟ್ಟರೆ ಮೂರು ನಾಲ್ಕು ವಾರದಲ್ಲಿ ಬಿಳೀ ಬೇರು ಬರುತ್ತದೆ. ಮಳೆ ಹಿಡಿದಿದ್ದರೆ ನೇರವಾಗಿ ನೆಲಕ್ಕೇ ಚುಚ್ಚಬಹುದು. ಗುಂಡಿ ಒಂದೂವರೆ ಅಡಿ ಸಾಕು, ಕೆಮ್ಮಣ್ಣಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಆಯಿತು. ಮೊದಲನೇ ವರ್ಷ ಮಾತ್ರ ವಾರಕ್ಕೆ ಎರಡು ಸಲ ತಪ್ಪದೆ ನೀರು ಹಾಕಬೇಕು. ಬೇರು ಆಳಕ್ಕೆ ಇಳಿದ ಮೇಲೆ ಅದರ ಪಾಡಿಗೆ ಅದು. ಹೊಸ ಚಿಗುರಿನ ತುದಿಯಲ್ಲೇ ಹೂ ಬರೋದರಿಂದ ವರ್ಷಕ್ಕೊಮ್ಮೆ ಕೊಂಬೆ ಸವರಬೇಕು. ಸವರದೆ ಬಿಟ್ಟರೆ ಬುಡ ಬೋಳಾಗಿ, ಹೂವೆಲ್ಲಾ ಕೈಗೆ ಸಿಗದ ಎತ್ತರದಲ್ಲಿ ಬಿಡುತ್ತದೆ. ಚಿಗುರಿಗೆ ಕೆಲವೊಮ್ಮೆ ಹಳದಿ ಬಣ್ಣದ ಹೇನು ಮುತ್ತುತ್ತದೆ, ನೀರನ್ನು ಜೋರಾಗಿ ಎರಚಿದರೆ ಉದುರಿಹೋಗುತ್ತದೆ.

ಹುಳ ಅಂದ ತಕ್ಷಣ ಒಂದು ಮಾತು ಹೇಳಲೇಬೇಕು. ಎಲೆ ಅಡಿಯಲ್ಲಿ ಬೆಳ್ಳಿಯ ಜುಮುಕಿ ಹಾಗೆ ಥಳಥಳ ಹೊಳೆಯೋ ಗೂಡು ನೇತಾಡ್ತಿರುತ್ತೆ. ನೀವು ನೋಡಿರಬಹುದು. ಕಪ್ಪುಕಂದು ರೆಕ್ಕೆಯ, ಅಂಚಿಗೆ ಬಿಳಿ ಚುಕ್ಕಿ ಇಟ್ಟ ಒಂದು ಚಿಟ್ಟೆಯ ಗೂಡು ಅದು. ಅದರ ಹುಳ ಕಣಗಿಲೆ ಎಲೆಯನ್ನು ತಿಂದೇ ಬೆಳೆಯುತ್ತದೆ. ಎಲೆಯ ವಿಷ ಅದಕ್ಕೆ ಏನೂ ಮಾಡೋದಿಲ್ಲ. ಆ ವಿಷವನ್ನೇ ಮೈಯಲ್ಲಿ ಇಟ್ಟುಕೊಳ್ಳೋದರಿಂದ ಹಕ್ಕಿಗಳು ಚಿಟ್ಟೆಯನ್ನು ಮುಟ್ಟೋದಿಲ್ಲವಂತೆ. ಪ್ರೈಮರಿ ಹುಡುಗರು ದಯವಿಟ್ಟು ಆ ಗೂಡುಗಳನ್ನು ಕಿತ್ತು ಕಂಪಾಸ್ ಬಾಕ್ಸಿನಲ್ಲಿ ಹಾಕಿಕೊಳ್ಳಬೇಡಿ.

ಹೌದು, ಕಣಗಿಲೆ ವಿಷದ ಗಿಡ. ಎಲೆ, ಹೂ, ಕಾಂಡ, ಬೇರು, ಬೀಜ ಎಲ್ಲವೂ ವಿಷವೇ. ಹೊಟ್ಟೆಗೆ ಹೋದರೆ ಗುಂಡಿಗೆಯ ಬಡಿತವೇ ತಪ್ಪುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಕರವೀರ ಅಂತ ಹೆಸರು, ಇನ್ನೊಂದು ಹೆಸರು ಅಶ್ವಮಾರಕ. ಅಂದರೆ ಕುದುರೆಯನ್ನು ಕೊಲ್ಲುವಂಥದ್ದು. ಹಿಂದಿನವರು ಹೆಸರಿನಲ್ಲೇ ಎಚ್ಚರಿಕೆ ಬರೆದಿಟ್ಟು ಹೋಗಿದ್ದಾರೆ ಅಂತ ಕನ್ನಡ ಮೇಷ್ಟ್ರು ಹೇಳಿದರು. ನಮ್ಮೂರಿನಲ್ಲಿ ಮಾತ್ರ ಯಾರೂ ಅದನ್ನು ಜೋರಾಗಿ ಹೇಳಿರಲಿಲ್ಲ, ನಮ್ಮ ಬಿಳಿಕಿವಿ ಸಾಯೋ ತನಕ.

ಬಿಳಿಕಿವಿ ನಮ್ಮ ಆಡು. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಒಂಬತ್ತು ಸಾವಿರಕ್ಕೆ ತಂದಿದ್ದಳು. ಹನ್ನೆರಡು ಕಂತಿನಲ್ಲಿ ನಾಲ್ಕು ಕಟ್ಟಿದ್ದಳು. 2024ರ ದೀಪಾವಳಿ ಆದ ಮೇಲೆ ಒಂದು ದಿನ, ಬೆಂಗಳೂರು ಪುಣೆ ಹೆದ್ದಾರಿಯ ನಡುವೆ ಬೆಳೆಸಿರೋ ಕಣಗಿಲೆ ಗಿಡಗಳನ್ನು ಯಾರೋ ಸವರಿ, ಕೊಂಬೆಗಳನ್ನು ರಸ್ತೆ ಪಕ್ಕದ ಬಯಲಿನಲ್ಲಿ ಗುಡ್ಡೆ ಹಾಕಿ ಹೋಗಿದ್ದರು. ಎದುರಿನಿಂದ ಬರೋ ಗಾಡಿಯ ಬೆಳಕು ಕಣ್ಣಿಗೆ ಹೊಡೀದಿರಲಿ, ನೀರಿಲ್ಲದೆಯೂ ಬದುಕಲಿ, ದನ ಬಾಯಿ ಹಾಕದಿರಲಿ ಅಂತ ಹೆದ್ದಾರಿಯಲ್ಲಿ ಇದನ್ನೇ ಹಾಕ್ತಾರೆ. ಹಸಿ ಎಲೆ ಕಹಿ, ಆಡು ಕುರಿ ಮೂಸಿ ನೋಡಿ ಬಿಟ್ಟುಬಿಡ್ತವೆ. ಕತ್ತರಿಸಿ ಬಾಡಿದ ಎಲೆಯಲ್ಲಿ ಕಹಿ ಕಡಿಮೆಯಾಗುತ್ತೆ, ವಿಷ ಹಾಗೇ ಉಳಿದಿರುತ್ತೆ. ಬಿಳಿಕಿವಿ ಮೇಯ್ಕೊಂಡು ಮನೆಗೆ ಬಂದದ್ದು ಸಂಜೆ. ಬಾಯಲ್ಲಿ ಜೊಲ್ಲು ಸುರೀತಿತ್ತು, ಕಾಲು ನಿಲ್ತಿರಲಿಲ್ಲ. ದನಿನ ಡಾಕ್ಟರು ಬರೋ ಹೊತ್ತಿಗೆ ಮುಗಿದೇ ಹೋಗಿತ್ತು. ಹೊಟ್ಟೆಯಲ್ಲಿ ಎರಡು ಮರಿ ಇದ್ದವು. ಡಾಕ್ಟರು ಹೊಟ್ಟೆ ಕೊಯ್ದು ಎಲೆ ಚೂರು ತೆಗೆದು ತೋರಿಸಿ, "ಕಣಗಿಲೆ" ಅಂತ ಒಂದೇ ಮಾತು ಹೇಳಿದರು. ಅಮ್ಮ ಅಳಲಿಲ್ಲ. ಉಳಿದ ಎಂಟು ಕಂತನ್ನು ಕೂಲಿಗೆ ಹೋಗಿ ಕಟ್ಟಿದಳು.

ಮಾರನೇ ವಾರ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆ. ನಮ್ಮಪ್ಪ ಎದ್ದು ನಿಂತು, "ನಮ್ಮ ಆಡು ಹೋಯ್ತು, ನಾಳೆ ಒಂದು ಮಗು ಹೋದ್ರೆ ಯಾರು ಹೊಣೆ? ಶಾಲ್ಯಾಗಿರೋ ಅಷ್ಟೂ ಗಿಡ ಕಿತ್ತು ಬಿಸಾಕ್ರಿ" ಅಂದರು. ಬಹಳ ಜನ ಹೂಂ ಅಂದರು. ಅಂಗನವಾಡಿ ಟೀಚರಮ್ಮನೂ, "ಗೋಡೆ ಪಕ್ಕಕ್ಕೇ ಎರಡು ಗಿಡ ಐತೆ, ನಮ್ಮ ಮಕ್ಕಳು ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕ್ಕೊತವೆ" ಅಂದರು. ಅದೂ ಸತ್ಯವೇ. ಹೆಡ್ ಮೇಷ್ಟ್ರು ಬಾಗಿಲ ಹತ್ತಿರ ನಿಂತಿದ್ದ ನಮ್ಮ ಗುಂಪಿನ ಕಡೆ ನೋಡಿ, "ನೀರು ಹಾಕಿ ಉಳಿಸಿದವರು ನೀವು, ನೀವೇನಂತೀರಿ?" ಅಂದರು. ಎಲ್ಲರೂ ನನ್ನನ್ನೇ ಮುಂದಕ್ಕೆ ತಳ್ಳಿದರು. ಸತ್ತದ್ದು ನಮ್ಮನೆ ಆಡು ತಾನೆ.

ನಾನು ಹೇಳಿದ್ದು ಇಷ್ಟು: "ಅಂಗನವಾಡಿ ಪಕ್ಕದ ಎರಡು ತೆಗೀರಿ ಸಾರ್. ಮಿಕ್ಕ ಏಳು ಇರಲಿ. ಹೆದ್ದಾರಿ ಮೇಲೆ ಮೈಲಿಗಟ್ಟಲೆ ಇದೇ ಗಿಡ ಐತೆ, ಅದನ್ನ ಕೀಳೋಕೆ ನಮ್ಮ ಕೈಲಾಗಲ್ಲ. ಇಲ್ಲಿದ್ರೆ ಚಿಕ್ಕವರಿಗೆ ತೋರಿಸಿ, ಇದು ಕಣಗಿಲೆ, ಬಾಯಿಗೆ ಹಾಕಬ್ಯಾಡ ಅಂತ ಹೇಳಬಹುದು. ಗುರುತೇ ಇಲ್ಲದಿದ್ರೆ ರಸ್ತೇಲಿ ಸಿಕ್ಕಾಗ ಹೆಂಗೆ ಗೊತ್ತಾಗ್ತದೆ? ಬಿಳಿಕಿವಿ ಸತ್ತಿದ್ದು ನೆಟ್ಟ ಗಿಡದಿಂದ ಅಲ್ಲ, ಕಡಿದು ಎಸೆದ ಕೊಂಬೆಯಿಂದ." ಹೇಳುವಾಗ ಅಪ್ಪನ ಮುಖ ನೋಡಲಿಲ್ಲ. ಹಿಂದಿನಿಂದ ಒಬ್ಬ ಹಿರಿಯರು, "ಹುಡುಗಿ ಮಾತ್ನಾಗೆ ಅರ್ಥ ಐತೆ ಬಿಡ್ರಪ್ಪ" ಅಂದರು. ಅಪ್ಪ ಏನೂ ಮಾತಾಡದೆ ಎದ್ದುಹೋದರು.

ಮಾರನೇ ದಿನ ಬೆಳಿಗ್ಗೆ ಹಾರೆ ಗುದ್ದಲಿ ಹಿಡಿದುಕೊಂಡು ಅಪ್ಪನೇ ಬಂದಿದ್ದರು. ಆ ಎರಡು ಗಿಡ ಬುಡಸಮೇತ ತೆಗೆಯೋದಕ್ಕೆ ಮಧ್ಯಾಹ್ನದ ಬೆಲ್ ಹೊಡೆಯುವ ತನಕ ಹಿಡಿಯಿತು. ಅಷ್ಟು ಆಳಕ್ಕೆ ಬೇರು ಇಳಿದಿದ್ದವು! ಸುಡೋ ಹಾಗಿಲ್ಲ, ಹೊಗೆಯೂ ಕೆಟ್ಟದ್ದು. ಕಾಂಪೌಂಡಿನ ಹಿಂದೆ ಗುಂಡಿ ತೋಡಿ ಹೂತರು. ಉಳಿದ ಏಳಕ್ಕೆ ಜಾಲಿ ಮುಳ್ಳು ಬಡಿದು ಬೇಲಿ ಮಾಡಿಕೊಟ್ಟವರೂ ಅವರೇ. ನನ್ನ ಹತ್ತಿರ ಆ ದಿನ ಒಂದೇ ಮಾತಾಡಿದ್ದು: "ಕೈ ತೊಳ್ಕೋ."

ಈಗ ಹೂದೋಟದ ಗುಂಪಿಗೆ ಹೊಸದಾಗಿ ಸೇರಿದವರಿಗೆ ಮೊದಲನೇ ದಿನವೇ ಹೇಳಿಬಿಡ್ತೀವಿ. ಕಣಗಿಲೆ ಕಡ್ಡಿಯಿಂದ ಹಲ್ಲುಜ್ಜಬಾರದು. ಕೊಂಬೆ ಸವರಿದ ಮೇಲೆ ಒಂದು ಎಲೆಯನ್ನೂ ಹೊರಗೆ ಬಿಡದೆ ಹೂಳಬೇಕು. ಬೇರು ಬಿಡಿಸಿದ ಬಾಟಲಿ ನೀರನ್ನು ಕೋಳಿ ಕುಡಿಯೋ ಕಡೆ ಚೆಲ್ಲಬಾರದು. ಅಂಟು ರಸ ಕಣ್ಣಿಗೆ ಸೋಕಬಾರದು. ಯಾರಾದರೂ ತಿಂದದ್ದು ಗೊತ್ತಾದರೆ ಉಪ್ಪು ನೀರು, ಮಜ್ಜಿಗೆ ಅಂತ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು, ಜೊತೆಗೆ ಎಲೆಯ ಒಂದು ತುಂಡು ತೋರಿಸೋದಕ್ಕೆ ಇಟ್ಟುಕೊಂಡಿರಬೇಕು.

ಸಮಾಜದ ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು. 1945ರ ಆಗಸ್ಟ್ 6ರಂದು ಜಪಾನಿನ ಹಿರೋಷಿಮಾ ಮೇಲೆ ಅಣುಬಾಂಬು ಬಿದ್ದ ಮೇಲೆ, ಸುಟ್ಟ ನೆಲದಲ್ಲಿ ಮೊದಮೊದಲು ಅರಳಿದ ಹೂಗಳಲ್ಲಿ ಇದೂ ಒಂದಂತೆ. ಈಗ ಅದು ಆ ನಗರದ ಅಧಿಕೃತ ಹೂವು. ಇದನ್ನು ಮನೆಯಲ್ಲಿ ಹೇಳಿದೆ. ಅಜ್ಜಿ "ಶಿವಶಿವಾ" ಅಂದಳು. ಅಮ್ಮ ರೊಟ್ಟಿ ತಟ್ಟುತ್ತಾ ಇದ್ದಳು, ತಲೆ ಎತ್ತಲಿಲ್ಲ. ಅಜ್ಜಿ ಈಗಲೂ ಸೋಮವಾರ ಹೂ ತರ್ತಾಳೆ. ಅಮ್ಮ ಅವಳ ಕೈಗೆ ಚೊಂಬಿನಿಂದ ನೀರು ಹಾಕಿ, ಸೋಪು ಕೊಟ್ಟು, ತೊಳೆಸಿದ ಮೇಲೇ ಒಳಗೆ ಬಿಡ್ತಾಳೆ.

ಅಂಗನವಾಡಿ ಪಕ್ಕ ಖಾಲಿಯಾದ ಜಾಗದಲ್ಲಿ ತಂಗಡಿ ಬೀಜ ಹಾಕಿದ್ದೇವೆ. ನಮ್ಮ ಗುಡ್ಡದಲ್ಲೇ ತಾನಾಗಿ ಬೆಳೆಯೋ ಗಿಡ, ಹಳದಿ ಹೂ, ನೀರು ಇದಕ್ಕೂ ಅಷ್ಟಾಗಿ ಬೇಡ. ಇದರ ಹೂ ಒಣಗಿಸಿ ಕಷಾಯ ಮಾಡಿಕೊಂಡು ಕುಡಿಯೋರೂ ಇದ್ದಾರೆ. ಈ ಸಲ ಮೊಣಕಾಲೆತ್ತರ ಬಂದಿವೆ.

ವಿಜ್ಞಾನ ಕೊಠಡಿಯ ಕಿಟಕಿಯಲ್ಲಿ ಹನ್ನೊಂದು ಕಣಗಿಲೆ ಕಡ್ಡಿ ಬೇರು ಬಿಟ್ಟಿವೆ, ಅದರಲ್ಲಿ ಕೆಂಪಿನವು ಎರಡು. ಬೇಕಾದವರು ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಕೇಳಿ. ಮನೆಯಲ್ಲಿ ತೊಟ್ಟಿಲ ಮಗು ಇರೋರು, ಅಂಗಳದಲ್ಲೇ ಆಡು ಕುರಿ ಕಟ್ಟೋರು ದಯವಿಟ್ಟು ಕೇಳಬೇಡಿ, ಕೊಡೋದಿಲ್ಲ. ಅವರಿಗೆ ತಂಗಡಿ ಬೀಜ ಒಂದು ಡಬ್ಬಿ ತುಂಬಾ ಇಟ್ಟಿದ್ದೀನಿ.