ನಾಗಾವಿಯ ಬಿಸಿಲು, ಬೆಟಗೇರಿಯ ಹಾಕಿ

ಕಳೆದ ಚೈತ್ರಮಾಸದಲ್ಲಿ ನಾಗಾವಿಗೆ ಹೋಗುವ ಪ್ರಸಂಗವೊದಗಿತು. ಗದುಗಿಗೆ ಸಮೀಪದ ಈ ಗ್ರಾಮವು 2016ರಲ್ಲಿ ಸ್ಥಾಪಿತವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಿಂದಾಗಿ ಇಂದು ನಾಡಿಗೆಲ್ಲ ಪರಿಚಿತವಾಗಿದೆ. ಗುಡ್ಡದ ಅಂಚು, ಕಾದ ನೆಲ, ಕಣ್ಣು ಬಿಡಲಾಗದ ಬಿಸಿಲು. ಅಂಥಲ್ಲಿ ಜೊತೆಗಿದ್ದ ತರುಣನೊಬ್ಬನು ಐಸ್ ಹಾಕಿಯ ಮಾತೆತ್ತಿದಾಗ ನಗು ಬಂದಿತು. ಆದರೆ ಅವನ ಪ್ರಶ್ನೆ ನಕ್ಕು ಬಿಡುವಂಥದಾಗಿರಲಿಲ್ಲ: ಫಿನ್ಲೆಂಡ್, ಲಾಟ್ವಿಯಾಗಳಂಥ ಪುಟ್ಟ ದೇಶಗಳು ಈ ಒಂದು ಆಟಕ್ಕೆ ಇಷ್ಟೇಕೆ ಮನಸೋತಿವೆ?

ಅಲ್ಲಿ ಚಳಿಗಾಲವು ದೀರ್ಘವಾದುದು. ಕೆರೆಗಳು ಹೆಪ್ಪುಗಟ್ಟುತ್ತವೆ; ಶಾಲೆಯ ಬಯಲಿಗೆ ನೀರು ಹಾಯಿಸಿದರೆ ಅದೇ ಆಟದ ಅಂಗಳವಾಗುತ್ತದೆ. ಚೆಂಡಿನ ಬದಲು ರಬ್ಬರಿನ ಬಿಲ್ಲೆ, ಪ್ರತಿ ಪಕ್ಷದಿಂದ ಕಣದಲ್ಲಿ ಆರು ಜನ. ಸುಮಾರು 55 ಲಕ್ಷ ಜನರಿರುವ ಫಿನ್ಲೆಂಡ್ 2022ರಲ್ಲಿ ಒಲಿಂಪಿಕ್ ಸ್ವರ್ಣವನ್ನೂ ವಿಶ್ವ ಪ್ರಶಸ್ತಿಯನ್ನೂ ಗೆದ್ದಿತು. 20 ಲಕ್ಷಕ್ಕಿಂತ ಕಡಿಮೆ ಜನರ ಲಾಟ್ವಿಯಾ 2023ರಲ್ಲಿ ಕಂಚು ಗೆದ್ದಾಗ ಅಲ್ಲಿಯ ಸಂಸತ್ತು ಮಧ್ಯರಾತ್ರಿ ಸಭೆ ಸೇರಿ ಮರುದಿನವೇ ರಜೆ ಘೋಷಿಸಿತಂತೆ! ದೊಡ್ಡ ರಾಷ್ಟ್ರಗಳ ನಡುವೆ ಚಿಕ್ಕವರಿಗೂ ಒಂದು ಹೆಸರು ಬೇಕಷ್ಟೆ.

ನಮ್ಮಲ್ಲಿಯೂ ಕೊಡವರು 1997ರಲ್ಲಿ ಕರಡದಲ್ಲಿ 60 ಮನೆತನಗಳ ತಂಡಗಳೊಡನೆ ಕೌಟುಂಬಿಕ ಹಾಕಿ ಉತ್ಸವವನ್ನಾರಂಭಿಸಿದ್ದು ಎಲ್ಲರೂ ಬಲ್ಲ ಸಂಗತಿ. ಆದರೆ ಅಷ್ಟು ದೂರ ಹೋಗುವುದೇಕೆ? ಸಂಜೆ ಹಿಂದಿರುಗುವಾಗ ನಾವು ಬೆಟಗೇರಿಯ ಸೆಟ್ಲಮೆಂಟಿನ ಹಾದಿ ಹಿಡಿದೆವು.

ಈ ಹೆಸರಿನ ಹಿಂದೆ ನೋವಿದೆ. 1871ರಲ್ಲಿ ಬ್ರಿಟಿಷರು ತಂದ ಕಾಯಿದೆಯೊಂದು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತು. ಮುಂದೆ ಮುಂಬಯಿ ಪ್ರಾಂತದಲ್ಲಿ ಅವರನ್ನು ಇಂಥ ವಸತಿಗಳಲ್ಲಿ ಕೂಡಿಹಾಕಿ, ಹಾಜರಿ ತೆಗೆದುಕೊಂಡು, ಕಾವಲಿನಲ್ಲಿಟ್ಟರು. 1952ರಲ್ಲಿ ಆ ಕಾಯಿದೆ ದೇಶದಾದ್ಯಂತ ರದ್ದಾಯಿತು. ಕಳಂಕ ಮಾತ್ರ ಜನರ ಬಾಯಲ್ಲಿ ಉಳಿಯಿತು. ಹುಬ್ಬಳ್ಳಿಯ ಸೆಟ್ಲಮೆಂಟಿನಂತೆ ಇಲ್ಲಿಯೂ ಬೇರೂರಿದ ಆಟ ಹಾಕಿ. ಬೇಕಾದುದು ಒಂದು ಬಯಲು, ಒಂದು ಕೋಲು. ಚೆನ್ನಾಗಿ ಆಡಿದವನಿಗೆ ರೈಲ್ವೆಯಂಥ ಕಡೆ ಆಟಗಾರರ ಪಾಲಿನ ನೌಕರಿಯ ಆಸೆಯೂ ಇತ್ತು. ಹಾಜರಿ ಪುಸ್ತಕದಲ್ಲಿದ್ದ ಹೆಸರು ತಂಡದ ಪಟ್ಟಿಗೆ ಬರುವುದು ಸಣ್ಣ ಸಂಗತಿಯಲ್ಲ.

ಹೇಳಲು ಸಂಕೋಚವಾಗುತ್ತದೆ. ಮಠದಲ್ಲಿ ಓದುತ್ತಿದ್ದಾಗ ಹುಟ್ಟಿನಿಂದ ಯಾರೂ ಕೀಳಲ್ಲವೆಂಬ ಶರಣರ ಮಾತನ್ನು ಬಾಯಿಪಾಠ ಒಪ್ಪಿಸುತ್ತಿದ್ದೆ. ರಜೆಗೆ ಮನೆಗೆ ಬಂದರೆ ಹಿರಿಯರು "ಆ ಓಣಿ ಕಡೆ ಹೋಗಬ್ಯಾಡ" ಎನ್ನುತ್ತಿದ್ದರು. ನಾನು ಮರುಮಾತಿಲ್ಲದೆ ಬಳಸುದಾರಿ ಹಿಡಿಯುತ್ತಿದ್ದೆ. ಆ ಬಳಸುದಾರಿ ಬಿಟ್ಟದ್ದು ಅರವತ್ತು ದಾಟಿದ ಮೇಲೆ, ಈ ಸಂಜೆ!

ಬಯಲಿನಲ್ಲಿ ಹುಡುಗರು ಆಡುತ್ತಿದ್ದರು. ಕೆಲವರ ಕಾಲು ಬರಿಗಾಲು, ಕೆಲವು ಕೋಲುಗಳಿಗೆ ಪಟ್ಟಿ ಸುತ್ತಿತ್ತು. ಅಂಚಿನ ಕಟ್ಟೆಯ ಮೇಲೆ ಕುಳಿತಿದ್ದ, ನನ್ನ ವಯಸ್ಸಿನವರೇ ಆದ ಹಿರಿಯರೊಬ್ಬರು ಸರಿದು ಜಾಗ ಮಾಡಿಕೊಟ್ಟರು. "ಬರ್ರಿ ಶಾಸ್ತ್ರಿಗಳ, ಕೂಡ್ರಿ. ಚಾ ಕುಡದು ಹೋಗ್ರಿ."

ಕುಳಿತೆವು. ಅವರು ತಮ್ಮ ಮೊಮ್ಮಗನನ್ನು ತೋರಿಸಿದರು. ಚೆಂಡು ಅವನ ಕೋಲಿಗೆ ಅಂಟಿಕೊಂಡಂತೆ ಓಡುತ್ತಿತ್ತು. ಚಹಾ ಬಂದಿತು, ಕುಡಿದೆವು. ಕತ್ತಲು ಕವಿದ ಮೇಲೂ ಹುಡುಗರು ಮುಳ್ಳುಕಂಟಿಯಲ್ಲಿ ಹೋದ ಚೆಂಡನ್ನು ಹುಡುಕುತ್ತಲೇ ಇದ್ದರು.